ಜಿಂಕೆವನಕ್ಕೆ ನುಗ್ಗುವ ನಾಯಿಗಳು

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬೆನ್ನಿಗೆ ಹಾಕಿಕೊಂಡು ಹಿಂದೂಪುರದ ಕಡೆ ಹೊರಟು ಕೊಡಿಗೇನಹಳ್ಳಿ ದಾಟಿದರೆ ನೆಲದ ಚಹರೆಯೇ ಬೇರೆ. ಬಂಡೆ ಗುಡ್ಡಗಳು ಹಿಂದೆ ಸರಿದು ಕಣ್ಣು ಹಾಯುವಷ್ಟು ದೂರ ಬಯಲು. ಇಲ್ಲೇ ಮೈದನಹಳ್ಳಿ. ಊರಿನವರ ಬಾಯಲ್ಲಿ ಇದು ಜಿಂಕೆವನ. ಸರ್ಕಾರದ ಕಡತದಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು: 798 ಎಕರೆ, ಘೋಷಣೆಯಾದದ್ದು 2007ರಲ್ಲಿ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ ಹಾಯ್ದು ಬರುವ ನದಿಯ ಹೆಸರನ್ನೇ ಇಟ್ಟಿದ್ದಾರೆ. ರಾಣೆಬೆನ್ನೂರು ಬಿಟ್ಟರೆ ರಾಜ್ಯದಲ್ಲಿ ಕೃಷ್ಣಮೃಗಗಳನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣುವ ಜಾಗ ಇದೇ.

ವೀಕ್ಷಣಾ ಗೋಪುರ ಹತ್ತಿ ನಿಂತರೆ ಒಂದು ಕಡೆ ನೀಲಗಿರಿ ತೋಪು, ಇನ್ನೊಂದು ಕಡೆ ಒಣಹುಲ್ಲು, ಅದರಾಚೆಗೆ ರಾಗಿ, ಕಡ್ಲೆಕಾಯಿ ಹೊಲ. ಸುರುಳಿ ಕೊಂಬಿನ ಕಪ್ಪು ಗಂಡೊಂದು ತಲೆ ಎತ್ತಿ ಗಾಳಿ ಹಿಡಿಯುತ್ತಿತ್ತು. ಹೆಣ್ಣುಗಳು ಮೇಯುವುದನ್ನು ನಿಲ್ಲಿಸಿ ಎಲ್ಲವೂ ಒಂದೇ ದಿಕ್ಕಿಗೆ ನೋಡಿದವು. ಆ ದಿಕ್ಕಿನಿಂದ ಮೂರು ನಾಯಿಗಳು ಬರುತ್ತಿದ್ದವು. ಅವಸರವೇನೂ ಇಲ್ಲ. ತಮ್ಮದೇ ಹಿತ್ತಿಲಿಗೆ ಬಂದಂತೆ ಹುಲ್ಲು ಮೂಸುತ್ತ, ಒಂದು ಇಲ್ಲಿ, ಒಂದು ಅಲ್ಲಿ. ಒಂದರ ಕೊರಳಲ್ಲಿ ಹರಕು ನೈಲಾನ್ ಹಗ್ಗ. ಅಂದರೆ ಅದಕ್ಕೆ ಮನೆ ಇದೆ, ಮುದ್ದೆ ಹಾಕುವ ಕೈಯಿದೆ.

ಆ ಮೂಸುವಿಕೆಯೇ ಅಪಾಯ. ಕೃಷ್ಣಮೃಗ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮೊದಲ ಕೆಲವು ದಿನ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ತಾಯಿ ದೂರ ಮೇಯುತ್ತದೆ, ಹಾಲೂಡಿಸಲು ಮಾತ್ರ ಹತ್ತಿರ ಬರುತ್ತದೆ. ಮರಿ ಮಿಸುಕದೆ ಮಲಗಿರುತ್ತದೆ. ಹದ್ದಿನ ಕಣ್ಣಿಗೆ ಈ ಉಪಾಯ ಸಾಕಾದೀತು, ನಾಯಿಯ ಮೂಗಿಗೆ ಸಾಲದು. ದೊಡ್ಡವು ಗಂಟೆಗೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲವು, ನಿಜ. ಆದರೆ ಎದುರಿಗೆ ತಂತಿಬೇಲಿ ಇದೆ, ತೆರೆದ ಬಾವಿ ಇದೆ, ರಸ್ತೆ ಇದೆ. ಕಚ್ಚಿಸಿಕೊಳ್ಳದೆಯೂ, ಬರೀ ಬೆದರಿ ಓಡಿದ ಆಯಾಸಕ್ಕೇ ಇಂಥ ಪ್ರಾಣಿ ಸಾಯುವುದುಂಟು.

ಬೇಲಿಯಂಚಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ, “ಯಜಮಾನ್ರೇ, ಈ ನಾಯಿಗಳು ಯಾರವು?”

“ನಮ್ಮವಲ್ಲ ಸ್ವಾಮಿ. ನಮ್ ನಾಯಿ ಮಂದೆ ಬಿಟ್ಟು ಕದಲಾಕಿಲ್ಲ. ಅವು ಊರ್ ನಾಯಿ.”

ಊರೊಳಗೆ ಹೋಗಿ ಕೇಳಿದರೆ ತೋಟದ ಮನೆಯವು ಎಂದರು. ತೋಟದ ಮನೆಯಾತ ಮಾತ್ರ ನುಣುಚಿಕೊಳ್ಳಲಿಲ್ಲ. “ನಂದೇ. ಜಿಂಕೆ ಓಡ್ಸಕ್ಕೇ ಸಾಕಿರೋದು. ರಾತ್ರಿ ಹಿಂಡು ಇಳಿದ್ರೆ ಕಡ್ಲೆಕಾಯಿ ಸಾಲು ಉಳಿಯಲ್ಲ. ನಾಯಿ ಕಟ್ಟಾಕಿ ಅಂತೀರಲ್ಲ, ನೀವು ಬಂದು ಕಾಯ್ತೀರಾ ಸಾರ್?”

ಗಂಟು ಇರುವುದು ಇಲ್ಲೇ. ಹೊಲದಲ್ಲಿ ಜಿಂಕೆ ಕಂಡರೆ ಅಟ್ಟು ಎಂದು ಕಲಿಸಿದ ನಾಯಿಗೆ ಮೀಸಲಿನ ಗಡಿಕಲ್ಲು ಎಲ್ಲಿದೆ ಎಂದು ಯಾರು ಹೇಳಬೇಕು? ಬೇಲಿಯ ಈಚೆ ಮಾಡಿದರೆ ಸೈ ಎನಿಸಿಕೊಳ್ಳುವ ಕೆಲಸ ಆಚೆ ಮಾಡಿದರೆ ತಪ್ಪು. ಕೃಷ್ಣಮೃಗವೋ, ಬೇಲಿಯ ಯಾವ ಕಡೆ ಇದ್ದರೂ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ.

ಬೆಂಗಳೂರಿನ ಜಗಳ ಇದರ ಮುಂದೆ ಸರಳ. 2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿ ತರಬೇಡಿ ಎನ್ನಲು ತೋಟಗಾರಿಕೆ ಇಲಾಖೆ ಹೊರಟಾಗ ಎಷ್ಟು ಗದ್ದಲ! ಅಲ್ಲಿ ದೂರು ಕೊಡುವವರಿಗೂ ಬಾಯಿತ್ತು, ನಾಯಿ ಸಾಕಿದವರಿಗೂ ಇತ್ತು. ಇಲ್ಲಿ ನೆರೆಮನೆಯವರು ಹುಲ್ಲು ಮೇಯುವವರು.

ಕಾನೂನಿನ ಗಮನವೂ ಪೇಟೆಯ ಮೇಲೆಯೇ. 2023ರ ಪ್ರಾಣಿ ಸಂತಾನ ನಿಯಂತ್ರಣ (ಎಬಿಸಿ) ನಿಯಮದಂತೆ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಹಿಡಿದ ಜಾಗ ಜಿಂಕೆವನದ ಅಂಚಾದರೆ? ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿ ತೆಗೆಯಿರಿ, ಮತ್ತೆ ಅಲ್ಲೇ ಬಿಡಬೇಡಿ ಎಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕಾರ ಶಿರಾ ಬಸ್ ನಿಲ್ದಾಣಕ್ಕೆ ರಕ್ಷಣೆ ಉಂಟು. ಹುಲ್ಲುಗಾವಲು ಪಟ್ಟಿಯಲ್ಲಿಲ್ಲ. ಅದೂ ಅಲ್ಲದೆ ಹಗ್ಗದ ತುಂಡು ಹೊತ್ತ ಈ ನಾಯಿ ಬೀದಿನಾಯಿಯೇ ಅಲ್ಲ. ಎಬಿಸಿ ನಿಯಮದ ಪ್ರಕಾರ ಸಾಕುನಾಯಿಯ ಹೊಣೆ ಸಾಕಿದವನದೇ.

ಬಯಲೂ ಮೊದಲಿನಷ್ಟಿಲ್ಲ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರಫಲಕ ಹಾಸಿದ ಮೇಲೆ ಆ ಭಾಗದ ಕುರಿಗಳಿಗೆ ಮೇವಿನ ನೆಲ ಕಡಿಮೆಯಾಯಿತು. ಉಳಿದ ಚೂರುಪಾರು ಬಯಲಿನಲ್ಲೇ ಕುರಿ, ನಾಯಿ, ಜಿಂಕೆ ಎಲ್ಲವೂ ಏಗಬೇಕು. ನಾಯಿ ರೇಬಿಸ್, ಡಿಸ್ಟೆಂಪರ್ ಹೊತ್ತು ತಂದರೆ ಅದೇ ಬಯಲಿನ ತೋಳ, ನರಿಗೂ ಹರಡಬಹುದು.

ಬೆಳೆಗೆ ನುಗ್ಗುವ ತುಡುಗು ದನದ ಕೊರಳಿಗೆ ಮರದ ಕೊರಡು ಕಟ್ಟುವುದು ನಮ್ಮ ರೈತರಿಗೆ ಗೊತ್ತಿದ್ದದ್ದೇ. ತುಡುಗು ನಾಯಿಗೂ ಹಗುರವಾದ ತುಂಡೊಂದನ್ನು ಕಟ್ಟಬಾರದೇಕೆ? ಬೊಗಳಿ ಜಿಂಕೆ ಎಬ್ಬಿಸಲು ಅದರಿಂದ ಅಡ್ಡಿಯಿಲ್ಲ, ಮೈಲಿಗಟ್ಟಲೆ ಅಟ್ಟಲು ಮಾತ್ರ ಆಗದು. ಆದರೆ ಆ ಮಾತು ಆಡುವ ಮೊದಲು ಮೇದುಹೋದ ಬೆಳೆಗೆ ಪರಿಹಾರ ಆ ಹಂಗಾಮಿನಲ್ಲೇ ರೈತನ ಕೈಸೇರಬೇಕು. ಮೀಸಲಿನ ಸುತ್ತಲಿನ ಹಳ್ಳಿಗಳಿಗೆ ಸಂತಾನಹರಣ, ಲಸಿಕೆಯ ತಂಡ ಪೇಟೆಗಿಂತ ಮೊದಲು ಬರಬೇಕು. ಕಡ್ಲೆಕಾಯಿ ಕಿತ್ತು ಹೊಲ ಬರಿದಾದ ಮೇಲೆ ನಾಯಿಗೆ ಅಲ್ಲಿ ಕೆಲಸವೂ ಇರುವುದಿಲ್ಲ. ಕಟ್ಟಿಹಾಕುವ ಪ್ರಯೋಗವನ್ನು ಆ ತಿಂಗಳುಗಳಿಂದಲೇ ಶುರುಮಾಡಬಹುದು. ಅಷ್ಟಕ್ಕೆ ತೋಟದ ಮನೆಯಾತನೂ ಒಪ್ಪಿದ.