ಗೋಧಿಗೆ ಅಂಟುವ ಭಂಡಾರ

ಕುಂದಗೋಳವೆಂದೊಡನೆ ಸಂಗೀತರಸಿಕರಿಗೆ ಸವಾಯಿ ಗಂಧರ್ವರ ನೆನಪಾಗುವುದು ಸಹಜ. ಆದರೆ ಅಲ್ಲಿಯ ಎರೆಹೊಲಗಳಲ್ಲಿ ಹಿಂಗಾರಿನ ಗೋಧಿ ತೆನೆಗಟ್ಟುವ ಹೊತ್ತಿಗೆ ಒಕ್ಕಲಿಗನ ಲಕ್ಷ್ಯವೆಲ್ಲ ಎಲೆಯ ಮೇಲಿರುತ್ತದೆ. ಸವರಿದ ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಅಂಟಿತೆಂದರೆ ತುಕ್ಕು ರೋಗ ತಗಲಿತೆಂದೇ ಅರ್ಥ. ಭಂಡಾರ ರೋಗವೆಂಬ ಹೆಸರೂ ಇದಕ್ಕುಂಟು. ಹೆಸರೇನೋ ಮಂಗಳಕರ, ಫಲ ಮಾತ್ರ ಜೊಳ್ಳು ಕಾಳು.

ಬೇಸಗೆಯ ಬಿಸಿಲಿಗೆ ಈ ಶಿಲೀಂಧ್ರ ಬಯಲುಸೀಮೆಯಲ್ಲಿ ಉಳಿಯಲಾರದು. ಹಾಗಿದ್ದರೂ ಮರುವರ್ಷ ಬರುವುದೆಲ್ಲಿಂದ? ಆಗ್ರಾ ಕಾಲೇಜಿನ ಕರಮಚಂದ ಮೆಹತಾ ಅವರು ದೀರ್ಘಕಾಲ ಶೋಧಿಸಿ, ಅದು ಹಿಮಾಲಯ, ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಜೀವ ಹಿಡಿದಿದ್ದು, ಗಾಳಿಯನ್ನೇರಿ ಬಯಲಿಗೆ ಇಳಿಯುತ್ತದೆಂದು ತೋರಿಸಿದರು.

ಬರುವ ವೈರಿ ಒಬ್ಬನೇ ಆಗಿದ್ದರೆ ಚಿಂತೆಯಿರಲಿಲ್ಲ. ಕಣ್ಣಿಗೆ ಒಂದೇ ಎಂದು ತೋರುವ ಈ ಪುಡಿಯಲ್ಲಿ ಅನೇಕ ಒಳಪಂಗಡಗಳಿವೆ. ಒಂದಕ್ಕೆ ಜಗ್ಗದ ಗೋಧಿ ಇನ್ನೊಂದಕ್ಕೆ ಸುಲಭವಾಗಿ ತುತ್ತಾಗುತ್ತದೆ. ಸೂಕ್ಷ್ಮದರ್ಶಕಕ್ಕೂ ತಿಳಿಯದ ಈ ಭೇದವನ್ನು ಅರಿಯಲು ಅಮೆರಿಕದ ಸ್ಟಾಕ್‌ಮನ್ ಮತ್ತು ಲೆವೀನ್ ಎಂಬ ವಿಜ್ಞಾನಿಗಳು 1922ರಲ್ಲಿ 12 ಗೋಧಿ ತಳಿಗಳನ್ನೇ ಒರೆಗಲ್ಲಾಗಿ ಮಾಡಿಕೊಂಡರು. ಯಾವ ಪುಡಿ ಯಾವ ತಳಿಯನ್ನು ಕೆಡಿಸೀತು ಎಂಬುದರಿಂದಲೇ ಪಂಗಡದ ಗುರುತು. ಆ ಹನ್ನೆರಡರಲ್ಲಿ ಒಂದರ ಹೆಸರು ಖಪ್ಲಿ! ಅದು ಭಾರತದಿಂದ ಹೋದದ್ದು. ನಮ್ಮ ಮನೆಗಳಲ್ಲಿ ಹುಗ್ಗಿ, ಶಾವಿಗೆ, ಮಾದಲಿಗಳಿಗೆ ಬಳಸುವ ಸದಕ ಗೋಧಿಯ ಬಳಗದ್ದು.

ಪಂಗಡಗಳು ಹುಟ್ಟುವ ಬಗೆಯೂ ವಿಚಿತ್ರ. 1998ರಲ್ಲಿ ಉಗಾಂಡದಲ್ಲಿ ಕಾಣಿಸಿಕೊಂಡ ‘ಯುಜಿ-99’ ಎಂಬ ಕಾಂಡದ ತುಕ್ಕು, ಜಗತ್ತಿನ ಎಷ್ಟೋ ಗೋಧಿ ತಳಿಗಳು ನಂಬಿಕೊಂಡಿದ್ದ ಒಂದೇ ರಕ್ಷಕ ವಂಶವಾಹಿಯನ್ನು ಸೋಲಿಸಿತು. ಈ ಶಿಲೀಂಧ್ರದ ಕೋಶದಲ್ಲಿ ಎರಡು ಕೋಶಕೇಂದ್ರಗಳಿರುತ್ತವೆ. ಬೇರೆ ಬೇರೆ ಪಂಗಡಗಳ ಎಳೆಗಳು ಒಂದೇ ಗಿಡದಲ್ಲಿ ಕೂಡಿದಾಗ ಅವು ಅದಲುಬದಲಾಗಬಲ್ಲವು. ಯುಜಿ-99 ಹುಟ್ಟಿದ್ದು ಅಂತಹ ವಿನಿಮಯದಿಂದಲೇ ಎಂದು 2019ರಲ್ಲಿ ಪ್ರಕಟವಾಯಿತು. ಮದುವೆಯಿಲ್ಲದೆ ಸಂತಾನ ಬದಲಾದಂತೆ!

ಖಪ್ಲಿಯಲ್ಲಿರುವ ‘ಎಸ್‌ಆರ್-13’ ಎಂಬ ವಂಶವಾಹಿ ಯುಜಿ-99ಕ್ಕೆ ಎದುರು ನಿಲ್ಲುತ್ತದೆ. ಆದರೂ ಸದಕದ ಬಿತ್ತನೆ ಹಿಂದೆ ಸರಿದದ್ದು ಅದರ ಹೊಟ್ಟಿನಿಂದ: ತುಳಿಸಿದರೂ ಕಾಳು ಬಿಡದು, ಮತ್ತೆ ಕುಟ್ಟಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ 1025, ಡಿಡಿಕೆ 1029 ಮುಂತಾದ ಸುಧಾರಿತ ಸದಕ ತಳಿಗಳನ್ನು ಹೊರತಂದಿದೆ. ಇತ್ತ ಇಥಿಯೋಪಿಯದಲ್ಲಿ ಎಸ್‌ಆರ್-13ನ್ನೂ ಮಣಿಸಬಲ್ಲ ತುಕ್ಕು ಆಗಲೇ ಸಿಕ್ಕಿದೆ.