ಮಾರುವವನ ಮೌನ

ಮನೆ ಮಾರುವವನು ಗೋಡೆಗೆ ಸುಣ್ಣ ಬಳಿಸುವುದು ಲೋಕರೂಢಿ. ಆ ಸುಣ್ಣದ ಕೆಳಗಣ ಬಿರುಕನ್ನು ಅವನು ಹೇಳಬೇಕೇ? 1872ರ ಕರಾರು ಕಾಯಿದೆಯಂತೆ, ಮಾತನಾಡುವ ಕರ್ತವ್ಯವಿಲ್ಲದೆಡೆ ಬರಿಯ ಮೌನ ವಂಚನೆಯಲ್ಲ. ಆದರೆ ಸ್ಥಿರಾಸ್ತಿಯ ಮಾರಾಟದಲ್ಲಿ ಆ ಕರ್ತವ್ಯವನ್ನು ವಿಧಿಸಿರುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣ.

ಅದರ ಮೇರೆಗೆ, ಬೇರೆ ಕರಾರಿಲ್ಲದಿದ್ದಲ್ಲಿ, ಮಾರುವವನು ಬಲ್ಲ, ಕೊಳ್ಳುವವನು ಅರಿಯದ, ಸಾಮಾನ್ಯ ಎಚ್ಚರಿಕೆಗೆ ನಿಲುಕದ ಮುಖ್ಯ ದೋಷವನ್ನು ತಿಳಿಸಲೇಬೇಕು. ದೋಷ ಸ್ವತ್ತಿನದಾಗಿರಬಹುದು, ಹಕ್ಕಿನದಾಗಿರಬಹುದು. ಕಣ್ಣಿಗೆ ಬೀಳುವ ಒಡೆದ ಹೆಂಚನ್ನು ಹೇಳಬೇಕಾಗಿಲ್ಲ. ಅದನ್ನು ನೋಡಿಕೊಳ್ಳುವುದು ಕೊಳ್ಳುವವನ ಹೊಣೆ.

ಗೋಡೆಯ ಬಿರುಕಿಗಿಂತ ಹಕ್ಕಿನ ಬಿರುಕೇ ಘೋರವೆಂದು ನನ್ನ ಭಾವನೆ. ಗೋಡೆಗೆ ಗಾರೆ ಮೆತ್ತಬಹುದು. ಪಿತ್ರಾರ್ಜಿತ ಮನೆಯಲ್ಲಿ ಸೋದರಿಗಿರುವ ಪಾಲನ್ನು ಮುಚ್ಚಿಟ್ಟು ಮಾರಿದರೆ, ಜೀವಮಾನದ ಉಳಿತಾಯವನ್ನು ಸುರಿದವನು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಉಪನೋಂದಣಾಧಿಕಾರಿಯ ಕಚೇರಿ ಕೊಡುವ ಋಣಭಾರ ಪತ್ರ ನೋಂದಣಿಯಾದ ವ್ಯವಹಾರಗಳನ್ನಷ್ಟೇ ಹೇಳುತ್ತದೆ. ಹುಟ್ಟಿನಿಂದ ಬಂದ ಪಾಲು ಅದರಲ್ಲಿ ಕಾಣದು. ಅದನ್ನು ಬಲ್ಲವರು ಮನೆಯವರು.

ಇಂಥ ಮೌನವನ್ನು ಈ ಕಾಯಿದೆ ವಂಚನೆಯೆಂದೇ ಕರೆದಿದೆ. ಕೊಳ್ಳುವವನಿಗೂ ಇಂಥದೊಂದು ಕಟ್ಟುಂಟು: ಮಾರುವವನ ಹಕ್ಕಿನ ಬಗೆಗೆ ಅವನೇ ಅರಿಯದ, ಬೆಲೆಯನ್ನು ಗಣನೀಯವಾಗಿ ಹೆಚ್ಚಿಸುವ ಸಂಗತಿ ತನಗೆ ಗೊತ್ತಿದ್ದರೆ ಅವನೂ ಬಾಯಿ ಬಿಡಬೇಕು.

ಆದುದರಿಂದ ಮುಂಗಡ ಕೊಡುವ ಮುನ್ನ ಹಕ್ಕುಪತ್ರಗಳೊಂದಿಗೆ ವಂಶಾವಳಿಯನ್ನೂ ಕೇಳಿ. ಸಂಕೋಚ ಬೇಡ. ಕೇಳಿದಾಗ ತನ್ನಲ್ಲಿರುವ ಹಕ್ಕುಪತ್ರಗಳನ್ನು ಪರಿಶೀಲನೆಗೆ ಒದಗಿಸುವುದೂ ಅದೇ ಪ್ರಕರಣ ಮಾರುವವನಿಗೆ ವಿಧಿಸಿರುವ ಕರ್ತವ್ಯ.