ಸ್ಟೌರ್‌ಹೆಡ್ಡಿನ ಸರೋವರದ ಸುತ್ತ

ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ಬೆಳಗ್ಗೆ ರೈಲು ಹತ್ತಿ ಗಿಲಿಂಗ್‌ಹ್ಯಾಮಿನಲ್ಲಿ ಇಳಿದು, ಅಲ್ಲಿಂದ ಕೆಲವು ಮೈಲಿ ಸಾಗಿದರೆ ವಿಲ್ಟ್‌ಷೈರಿನ ಸ್ಟೌರ್‌ಹೆಡ್ ಸಿಗುತ್ತದೆ. ನೋಡಿ ಸಂಜೆಗೆ ಮರಳಬಹುದು. ಇಂಗ್ಲೆಂಡಿನಲ್ಲಿ ಹಳ್ಳಿಗಾಡಿನ ಮಹಲುಗಳಿಗೆ ಕೊರತೆಯಿಲ್ಲ. ಆದರೆ ಮನೆಗಿಂತ ತೋಟವೇ ಹೆಚ್ಚಿನ ಕೀರ್ತಿ ಪಡೆದ ಸ್ಥಳವಿದು.

ಹೋರ್ ಮನೆತನದವರು ಲಂಡನ್ನಿನ ಬ್ಯಾಂಕಿಗರು. ಮೊದಲನೆಯ ಹೆನ್ರಿ ಹೋರ್ 1717ರಲ್ಲಿ ಈ ಜಮೀನನ್ನು ಕೊಂಡು, ಕಾಲಿನ್ ಕ್ಯಾಂಬೆಲ್ ಎಂಬ ವಾಸ್ತುಶಿಲ್ಪಿಯಿಂದ ಇಟಲಿಯ ಪಲ್ಲಾಡಿಯೋ ಮಾದರಿಯಲ್ಲಿ ಮಹಲನ್ನು ಕಟ್ಟಿಸಿದನು. ಅವನ ಮಗ ಎರಡನೆಯ ಹೆನ್ರಿ, 1743ರಲ್ಲಿ ಹೆಂಡತಿ ತೀರಿಕೊಂಡ ಬಳಿಕ ತೋಟದ ಕಡೆ ಮನಸ್ಸು ತಿರುಗಿಸಿದನು. ಕಣಿವೆಗೆ ಒಡ್ಡು ಹಾಕಿಸಿ ಸ್ಟೌರ್ ನದಿಯ ಮೂಲದ ತೊರೆಗಳನ್ನು ಸರೋವರವಾಗಿಸಿದನು. ದಡದಲ್ಲಿ ಹೆನ್ರಿ ಫ್ಲಿಟ್‌ಕ್ರಾಫ್ಟನ ಯೋಜನೆಯಂತೆ ಫ್ಲೋರಾ ಮಂದಿರ, ಪಾಂಥಿಯನ್, ಅಪೋಲೋ ಮಂದಿರಗಳು ಒಂದೊಂದಾಗಿ ಎದ್ದವು.

ಫ್ರಾನ್ಸಿನ ವರ್ಸೇಲ್ಸಿನಲ್ಲಿ ಉದ್ಯಾನವೆಲ್ಲ ನೇರ ರೇಖೆಗಳಾಗಿ ಅರಮನೆಯ ಮುಂದೆ ಹರಡಿಕೊಂಡಿದೆ. ಇಲ್ಲಿ ಹಾಗಲ್ಲ. ಬಳಸು ದಾರಿಯಲ್ಲಿ ನಡೆದಂತೆ ನೀರಿನಾಚೆ ಬಿಳಿಯ ಮಂದಿರವೊಂದು ಮಿಂಚಿ, ಮರಗಳ ಹಿಂದೆ ಮರೆಯಾಗಿ, ಗುಹೆಯ ಕತ್ತಲೆಯನ್ನು ದಾಟಿದ ಮೇಲೆ ಹತ್ತಿರದಲ್ಲಿ ಮತ್ತೆ ಗೋಚರಿಸುತ್ತದೆ. ಚಿತ್ರಪಟದೊಳಗೇ ಕಾಲಿಟ್ಟು ನಡೆದಂತಹ ಅನುಭವ.

ಆದರೆ ಈ ಚೆಲುವಿಗೆ ಬೆಲೆ ತೆತ್ತವರು ಯಾರು? 1720ರ ಸೌತ್ ಸೀ ಕಂಪೆನಿಯ ಷೇರುಗಳ ಅಬ್ಬರದಲ್ಲಿ ಅನೇಕರು ಮುಳುಗಿದರೂ ಹೋರ್ ಬ್ಯಾಂಕು ಲಾಭ ಗಳಿಸಿತು. ಆ ಕಂಪೆನಿ ಆಫ್ರಿಕದ ಗುಲಾಮರನ್ನು ಸ್ಪೇನಿನ ಅಮೆರಿಕನ್ ವಸಾಹತುಗಳಿಗೆ ಸಾಗಿಸುವ ಗುತ್ತಿಗೆ ಹಿಡಿದಿತ್ತು. ತೋಟವನ್ನು ಮೆಚ್ಚುವವರು ಇದನ್ನು ಮರೆಯುವುದು ನ್ಯಾಯವಲ್ಲ.

ಮರ ನೆಡುವವನು ಮುಂದಿನ ಪೀಳಿಗೆಯನ್ನು ನಂಬಿ ನೆಡುತ್ತಾನೆ. ಎರಡನೆಯ ಹೆನ್ರಿಯ ಮಗ 1752ರಲ್ಲಿ ನೇಪಲ್ಸ್‌ನಲ್ಲಿ ತೀರಿಕೊಂಡನು. ಆಸ್ತಿ ಮೊಮ್ಮಗ ರಿಚರ್ಡ್ ಕೋಲ್ಟ್ ಹೋರನಿಗೆ ಸಂದಿತು. 1902ರ ಬೆಂಕಿಯಲ್ಲಿ ಮನೆಯ ನಡುಭಾಗ ಸುಟ್ಟಾಗ ಅದನ್ನು ಮತ್ತೆ ಕಟ್ಟಿಸಿದ ಸರ್ ಹೆನ್ರಿ ಹೋರ್ ಹಾಗೂ ಲೇಡಿ ಆಲ್ಡಾ ದಂಪತಿಗಳ ಏಕಮಾತ್ರ ಪುತ್ರ, ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು 1917ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಮಡಿದನು. ವೃದ್ಧ ದಂಪತಿಗಳು 1946ರಲ್ಲಿ ಮನೆಯನ್ನೂ ತೋಟವನ್ನೂ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಮರುವರ್ಷ ಮಾರ್ಚ್ 25ರಂದು, ಒಂದೇ ದಿನ, ಇಬ್ಬರೂ ಕಣ್ಮುಚ್ಚಿದರು.

ಹೀಗೆ, ಒಬ್ಬ ಮಗನಿಗಾಗಿ ಕಾದಿರಿಸಿದ್ದ ನೆರಳು ಇಂದು ಟಿಕೆಟು ಕೊಂಡು ಬರುವ ಅಪರಿಚಿತರ ಪಾಲಾಗಿದೆ. ಸರೋವರವನ್ನು ಸುತ್ತಿ ಬಂದು ಹಳ್ಳಿಯ ಇಗರ್ಜಿಯ ಬಳಿ ನಿಂತವನಿಗೆ, ಐಶ್ವರ್ಯಕ್ಕಿಂತ ಆ ಕೊನೆಯ ದಾನವೇ ದೊಡ್ಡದೆನಿಸಿದರೆ ಆಶ್ಚರ್ಯವಿಲ್ಲ.